ಮಗುವಿನ ಗಾಡಿಗೆ ಪ್ರವೇಶವಿಲ್ಲ

ಅಣ್ಣ,

ಪುಟ್ಟಿಯನ್ನು ಈಗಷ್ಟೇ ಅತ್ತಿಗೆಯ ಕೈಗೆ ಕೊಟ್ಟು ಬಂದೆ. ನೀನಿನ್ನೂ ಗೊರಕೆ ಹೊಡೆಯುತ್ತಿದ್ದೆ, ಅದಕ್ಕೇ ಈ ಪತ್ರ. ಬಿಸಿನೀರು ಫ್ಲಾಸ್ಕಿನಲ್ಲಿದೆ, ಹಾಲಿನ ಪುಡಿ ನೀಲಿ ಚೀಲದಲ್ಲಿದೆ. ಗಾಡಿಯ ಎಡಚಕ್ರ ಕಲ್ಲುಹಾಸಿನಲ್ಲಿ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಎತ್ತಿ ತಳ್ಳಬೇಕು. ನೀನು ಅದನ್ನು ಮುಟ್ಟಿಯೇ ಇಲ್ಲವಲ್ಲ, ಅದಕ್ಕೆ ಹೇಳಿದೆ.

"ಬಾರೇ, ಪರದೇಶದ ಕೋಟೆ, ಅರಮನೆ ಎಲ್ಲಾ ತೋರಿಸ್ತೀನಿ" ಎಂದು ನೀನು ನನ್ನನ್ನು ಕರೆತಂದೆ. ಪ್ರತಿ ಕೋಟೆಯ ಬಾಗಿಲಲ್ಲೂ ಮಗುವಿನ ಗಾಡಿಯನ್ನು ಒಳಗೆ ಬಿಡುವುದಿಲ್ಲವೆಂಬ ಫಲಕ. ಪ್ರತಿ ಸಲವೂ ನೀನು ನನ್ನ ಮುಖ ನೋಡಿದೆ. ಐದನೇ ತರಗತಿಗೆ ವರ್ಷಾ ವರ್ಷ ಕೋಟೆಯ ಪಾಠ ಮಾಡುವ ನಾನು, ಊರೂರಿನ ಹೆಬ್ಬಾಗಿಲ ಬಳಿ ನಿನ್ನ ಮಗಳ ಮೂಗು ಒರೆಸುತ್ತಾ ಕೂತೆ. ನಿನ್ನೆ ಒಳಗೆ ಏನಿತ್ತೆಂದು ನಾನು ಕೇಳಿದ್ದಕ್ಕೆ ನೀನು, "ಒಳಗೆ ಏನಿಲ್ಲ ಕಣೇ, ಬರೀ ಕಲ್ಲು" ಎಂದೆ. ಬರೀ ಕಲ್ಲು ನೋಡಲು ಇಡೀ ಮಧ್ಯಾಹ್ನ ಬೇಕಾಯಿತೇ? ಆಮೇಲೆ ಊಟ ಮುಗಿಯುವವರೆಗೂ ಗಂಡಹೆಂಡತಿ ರಾಣಿಯ ಮಂಚದ ಮಾತೇ ಆಡಿದಿರಿ.

ಮಗು ನೋಡಿಕೊಳ್ಳಲು ಆಳು ಬೇಕಿದ್ದರೆ ಹಾಗೆಂದೇ ಹೇಳಬೇಕಿತ್ತು. ಪ್ರವಾಸ ಎಂದು ಮೂಗಿಗೆ ತುಪ್ಪ ಸವರಬೇಕಿರಲಿಲ್ಲ.

ಇವತ್ತು ಬೆಟ್ಟದ ಮೇಲಿನ ಕೋಟೆಗೆ ನಾನೊಬ್ಬಳೇ ಹೋಗುತ್ತಿದ್ದೇನೆ. ಹಿಂದೆಯೇ ಬಂದರೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿರಿ. ಬಿಸಿಲು ಬಂದಾಗ ಗಾಡಿಯನ್ನು ನೆರಳಿಗೆ ಸರಿಸಿ.

ಅಮ್ಮ ಫೋನ್ ಮಾಡಿ ನಾನೆಲ್ಲಿ ಎಂದು ಕೇಳಿದರೆ, ದಿನಾ ಹೇಳುವ ಹಾಗೆಯೇ "ಒಳಗೆ ನೋಡ್ತಾ ಇದಾಳಮ್ಮ" ಎಂದು ಹೇಳು. ಇವತ್ತೊಂದು ದಿನ ಅದು ಸುಳ್ಳಾಗುವುದಿಲ್ಲ.

ನಿನ್ನ ತಂಗಿ