ಆರು ಮುಖ, ಒಂದೇ ಜಾಗ

ಆಸ್ಪತ್ರೆಯ ಕಚೇರಿ, ಕಿಟಕಿ ಪಕ್ಕದ ಮೇಜು
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀ? ಮಂಡಿನೋವು ಇಳಿಯಿತೋ, ಇಲ್ಲ ಹೊಲಿಗೆ ಮಿಷನ್ನಿನ ಜೊತೆ ಅದೂ ಖಾಯಂ ನೌಕರಿಗೆ ಸೇರಿಕೊಂಡಿದೆಯೋ? ಭಾವನಿಗೆ ಬಿಸಿನೀರು ಕುಡಿಯಲು ಹೇಳು, ಕುಡಿಯುವುದಿಲ್ಲ ಎಂದು ಗೊತ್ತು, ಆದರೂ ಹೇಳು. ಹೋದ ಸಲ ನೀನು ಎರಡು ಸಾಲು ಬರೆದಿದ್ದೆ: "ಎಲ್ಲಾ ಸೌಖ್ಯ. ಯೂನಿಫಾರಂ ಹೊಲಿಯೋ ಸೀಸನ್ನು, ಪುರುಸೊತ್ತಿಲ್ಲ." ಆರು ವರ್ಷದಿಂದ ನೀನು ಎರಡು ಸಾಲು ದಾಟಿಲ್ಲ, ನಾನು ಎರಡು ಪುಟಕ್ಕೆ ಇಳಿದಿಲ್ಲ. ಮಾತೆಲ್ಲ ತಮ್ಮನ ಪಾಲಿಗೆ ಬಂತು, ಮೌನವೆಲ್ಲ ಅಕ್ಕನ ಪಾಲಿಗೆ. ಇಲ್ಲಿ ನಾವೆಲ್ಲ ಕ್ಷೇಮ. ನನ್ನ ತಲೆಗೂದಲು ಮಾತ್ರ ಹೇಳದೆ ಕೇಳದೆ ರಾಜೀನಾಮೆ ಕೊಟ್ಟು ಹೋಗುತ್ತಿದೆ.

ಈಗ ವಿಷಯ. ಬಂದರಿನ ಕಡೆ ಅದೇ ಜ್ವರ ಮತ್ತೆ ಕಾಣಿಸಿಕೊಂಡಿದೆಯಂತೆ. ಹೆಸರು ಬರೆಯುವುದಿಲ್ಲ, ಬರೆದರೆ ನೀನು ಕಾಗದವನ್ನು ಅಲ್ಲಿಗೇ ಮಡಚಿಡುತ್ತೀ. ನಮ್ಮಲ್ಲಿ ಇನ್ನೂ ಒಬ್ಬ ರೋಗಿಯೂ ಬಂದಿಲ್ಲ, ಆದರೆ ತಯಾರಿ ಶುರುವಾಗಿದೆ. ನೆಲಮಹಡಿಯ ಕೊನೆಯ ವಾರ್ಡು ಖಾಲಿ ಮಾಡಿಸಿದ್ದಾರೆ. ನೆಲಕ್ಕೆ ಹಳದಿ ಗೆರೆ ಮತ್ತೆ ಬಂತು: ಈಚೆ ಶುದ್ಧ, ಆಚೆ ಅಶುದ್ಧ. ರಕ್ಷಣಾ ಉಡುಪು ಬಿಚ್ಚುವ ಆ ಗಾಜಿನ ಕೋಣೆಯನ್ನು ಆಯಮ್ಮ ಮೂರು ಸಲ ಬ್ಲೀಚಿನಲ್ಲಿ ತೊಳೆದಳು. ಮೂರನೇ ಸಲ ಯಾಕೆ ಅಂದರೆ, "ಎರಡು ಸಲ ತೊಳೆದ್ರೂ ಒಳಗೆ ಯಾರೋ ನಿಂತಂಗೆ ಕಾಣ್ತದೆ ಸಾರ್" ಅಂದಳು. ನಾನು ತಮಾಷೆಗೆ, ಅದು ನಿನ್ನ ನೆರಳೇ ಇರಬೇಕು, ಸಂಬಳ ಕೇಳೋಕೆ ಬಂದಿದೆ ಅಂದೆ. ಅವಳು ನಗಲಿಲ್ಲ. ನಾನೂ ಆ ಗಾಜಿನ ಕಡೆ ನೋಡಲಿಲ್ಲ. ನಿನಗೆ ಬರೆಯಲು ಹೇಳಿದವರು ದೊಡ್ಡ ಡಾಕ್ಟರು. "ನಿಮ್ಮ ಅಕ್ಕನ ಹಾಗೆ ವಾರ್ಡು ನಡೆಸಬಲ್ಲವರು ನನ್ನ ಹತ್ತಿರ ಇಲ್ಲ. ಬರ್ತಾರಾ ಕೇಳಿ ನೋಡಿ" ಅಂದರು. ನೀನು ಯಾಕೆ ಬರುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆರು ವರ್ಷದ ಹಿಂದೆ ಇದೇ ಜ್ವರದಲ್ಲಿ ನಿನ್ನ ವಾರ್ಡಿನ ನರ್ಸು ಗುಬ್ಬಿ ಸತ್ತದ್ದು ನಿನ್ನಿಂದ ಎಂದು ನೀನು ನಂಬಿದ್ದೀ. ವಿಚಾರಣೆಯವರೂ ಹಾಗೇ ಬರೆದರು: "ಗಮನಿಸುವವರ ಅಲಕ್ಷ್ಯ." ಗುಬ್ಬಿ ಗಾಜಿನ ಆಚೆ ಉಡುಪು ಬಿಚ್ಚುತ್ತಿದ್ದಾಗ ಈಚೆ ನಿಂತು ಒಂದೊಂದು ಹೆಜ್ಜೆ ಹೇಳಿಕೊಡುತ್ತಿದ್ದವಳು ನೀನು, ವಾರ್ಡಿನ ಗಂಟೆ ಬಾರಿಸಿತು, ನೀನು ಒಮ್ಮೆ ಅತ್ತ ತಿರುಗಿದೆ. ಅಷ್ಟರಲ್ಲೇ ಅವಳು ಮುಖ ಮುಟ್ಟಿಕೊಂಡಿರಬೇಕು ಎಂದು ನಿನ್ನ ಲೆಕ್ಕ. ಹನ್ನೊಂದನೇ ದಿನ ಅವಳಿರಲಿಲ್ಲ. ತಿಂಗಳೊಳಗೆ ನೀನೂ ಇಲ್ಲಿರಲಿಲ್ಲ.

ಅಕ್ಕಾ, ಕಾಗದ ಕೆಳಗಿಡಬೇಡ. ಮುಂದಿನದನ್ನು ನೀನು ಓದಲೇಬೇಕು.

ಕಳೆದ ಗುರುವಾರ ಅಣಕು ತಾಲೀಮು ಇತ್ತು. ತರಬೇತಿ ಕೊಡಲು ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು, ಕಡ್ಡಿಯಷ್ಟು ಸಣ್ಣಗಿನವರು, ಕಡ್ಡಿ ಮುರಿದ ಹಾಗೆ ಮಾತು. ಆರು ಜನ ನರ್ಸುಗಳಿಗೆ ಉಡುಪು ಹಾಕಿಸಿ, ಮೇಲೆಲ್ಲ ಒಂದು ಪುಡಿ ಸವರಿದರು. ಬರಿಗಣ್ಣಿಗೆ ಕಾಣದ ಪುಡಿ, ಅವರ ನೀಲಿ ದೀಪಕ್ಕೆ ಮಾತ್ರ ಹೊಳೆಯುತ್ತದಂತೆ. "ಇದನ್ನೇ ರೋಗ ಅಂದ್ಕೊಳ್ಳಿ. ಈಗ ಬಿಚ್ಚಿ" ಅಂದರು. ಗೋಡೆಯ ಮೇಲೆ ಅಚ್ಚು ಹಾಕಿಸಿದ ಪಟ್ಟಿ ಇದೆ, ಕ್ರಮ ಸರಿಯಾಗಿಯೇ ಇದೆ. ಒಬ್ಬರೂ ಅದರ ಕಡೆ ನೋಡಲಿಲ್ಲ. ಆರೂ ಜನ ಒಂದೇ ಧಾಟಿಯಲ್ಲಿ ಹೇಳಿಕೊಳ್ಳತೊಡಗಿದರು:

ಹೊರಗಿನ ಗ್ಲೌಸು ಬುಟ್ಟಿಗೆ ಸೇರಲಿ,
ಕಣ್ಣಿನ ಕವಚ ಹಿಂದಕೆ ಜಾರಲಿ,
ಆಮೇಲೆ ಕೈ ತೊಳೆ,
ಉಳಿಯದು ಕೊಳೆ.

ನನ್ನ ಪದ್ಯ. ಅವರಲ್ಲಿ ನಾಲ್ಕು ಜನ ಆಗ ಕೆಲಸಕ್ಕೇ ಸೇರಿರಲಿಲ್ಲ. ಯಾರು ಕಲಿಸಿದರು ಎಂದರೆ, "ಹಾಗೇ ನಡ್ಕೊಂಡು ಬಂದಿದೆ ಸಾರ್" ಅಂದರು. ಬಿಚ್ಚಿ ಮುಗಿದ ಮೇಲೆ ಒಬ್ಬೊಬ್ಬರೂ ಗಾಜಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಟಕ್ ಟಕ್ ಎಂದು ತಟ್ಟಿದರು. ಅದು ಗುಬ್ಬಿಯ ಅಭ್ಯಾಸ, "ಮುಗೀತು ಸಿಸ್ಟರ್, ಬಾಗ್ಲು ತೆಗೀರಿ" ಅನ್ನುವುದಕ್ಕೆ. ಅದೂ ನಡೆದುಕೊಂಡು ಬಂದಿದೆ. ಅವಳ ಮುಖ ನೋಡದವರ ಕೈಯಲ್ಲಿ ಅವಳ ಗೆಣ್ಣಿನ ಸದ್ದು ಇದೆ.

ಆಮೇಲೆ ಮೇಡಂ ಪರದೆ ಎಳೆದು ಕೋಣೆ ಕತ್ತಲು ಮಾಡಿ ನೀಲಿ ದೀಪ ಹಚ್ಚಿದರು. ಅಕ್ಕಾ, ಆರು ಮುಖಗಳು ಸಾಲಾಗಿ ನಿಂತಿದ್ದವು. ಆರರಲ್ಲೂ ಕಣ್ಣಿನ ಪಕ್ಕ, ಕಿವಿಯ ಮೇಲೆ, ಬೆರಳಿನ ಗುರುತು ಹಸಿರಾಗಿ ಹೊಳೆಯುತ್ತಿತ್ತು. ಆರರಲ್ಲೂ ಅದೇ ಜಾಗ. ಯಾರೋ ಒಬ್ಬರು ಅಳತೆ ಹಿಡಿದು ಇಟ್ಟ ಹಾಗೆ. ಒಬ್ಬ ನರ್ಸು ಪಕ್ಕದವಳನ್ನು ನೋಡಿ ನಕ್ಕಳು, ತನ್ನ ಮುಖದಲ್ಲೂ ಅದೇ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮೇಡಂ ಮಾತ್ರ ನಗಲಿಲ್ಲ. "ಒಬ್ಬರ ಅಲಕ್ಷ್ಯ ಆಗಿದ್ರೆ ಒಬ್ಬರ ಮುಖದಲ್ಲಿ ಇರಬೇಕಿತ್ತು. ನೀವು ಕಲಿತಿರೋದೇ ತಪ್ಪು. ಕೈ ತೊಳೆಯೋ ಮೊದಲೇ ಕಣ್ಣಿನ ಹತ್ರ ಕೈ ಹೋಗ್ತಿದೆ. ಈ ಪದ್ಯ ಬರೆದೋರು ಯಾರು?" ಅಂದರು. ಕೋಣೆ ಇನ್ನೂ ಕತ್ತಲಾಗಿಯೇ ಇತ್ತು. ಅದೊಂದು ಅನುಕೂಲವಾಯಿತು.

ನಿನಗೆ ನೆನಪಿರಬೇಕು. ನೀನು ಹೆಜ್ಜೆಗಳನ್ನು ಒಂದು ಹಾಳೆಯಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟು, "ದೊಡ್ಡಕ್ಷರದಲ್ಲಿ ಬರಿ. ನಿನ್ನ ಕವಿತ್ವ ಬೇಡ" ಅಂದಿದ್ದೆ. ಆಸ್ಪತ್ರೆಯ ಬೋರ್ಡುಗಳೆಲ್ಲ ನನ್ನವೇ ತಾನೆ, "ಸರದಿಯಲಿ ನಿಲ್ಲಿ, ಸಿಡುಕಬೇಡಿ ಇಲ್ಲಿ" ಅನ್ನುವ ಕಾಲದಿಂದ. ಕವಿತ್ವ ಬೇಡ ಅಂದದ್ದಕ್ಕೇ ಬರೆದೆ. ನಿನ್ನ ಹಾಳೆಯಲ್ಲಿ ಇದ್ದದ್ದು ಹೀಗೆ: ಮೊದಲು ಹೊರ ಗ್ಲೌಸು, ಆಮೇಲೆ ಕೈ ತೊಳೆಯುವುದು, ಆಮೇಲೆ ಕಣ್ಣಿನ ಕವಚ. "ಸೇರಲಿ"ಗೆ "ಜಾರಲಿ" ಎಷ್ಟು ಚೆನ್ನಾಗಿ ಕೂತಿತೆಂದರೆ, ನಡುವೆ ನಿಂತಿದ್ದ ಕೈ ತೊಳೆಯುವ ಸಾಲನ್ನು ಎತ್ತಿ ಕೆಳಗೆ ಹಾಕಿದೆ. ಒಂದು ಸಾಲು ಮೇಲೆ ಕೆಳಗೆ ಆದರೆ ಏನು ಮಹಾ ಅಂದುಕೊಂಡೆ. ನೀನು ಆ ವಾರ ಮನೆಗೇ ಹೋಗಿರಲಿಲ್ಲ. ಬೋರ್ಡು ನೇತುಹಾಕಿದಾಗ ಅರ್ಧ ಕಣ್ಣು ತೆರೆದು, "ನಿನ್ನ ಬಾಯಿಗೆ ಬೀಗ ಇಲ್ಲ" ಎಂದು ನಕ್ಕೆ. ಒಂದೇ ದಿನದಲ್ಲಿ ವಾರ್ಡಿಗೆಲ್ಲ ಬಾಯಿಪಾಠ ಆಯಿತು. ಬಾಯಿಪಾಠ ಆದ ಮೇಲೆ ಯಾರೂ ಅರ್ಥ ನೋಡುವುದಿಲ್ಲ, ನೀನೂ ನೋಡಲಿಲ್ಲ. ಗಂಟೆ ಬಾರಿಸದಿದ್ದರೂ, ನೀನು ರೆಪ್ಪೆ ಬಡಿಯದೆ ನೋಡುತ್ತಿದ್ದರೂ, ಗುಬ್ಬಿಯ ಕೈ ಅದೇ ಜಾಗಕ್ಕೆ ಹೋಗುತ್ತಿತ್ತು. ನೀನೇ ಅವಳಿಗೆ ಹೇಳಿಕೊಡುತ್ತಿದ್ದೆ, ನನ್ನ ಮಾತಿನಲ್ಲಿ.

ಇದು ನನಗೆ ಹೊಳೆದದ್ದು ಆ ಕತ್ತಲು ಕೋಣೆಯಲ್ಲಿ. ಸೋಮವಾರ ನಿನ್ನ ಹಳೆಯ ಹಾಳೆಯನ್ನೂ ನನ್ನ ಪದ್ಯವನ್ನೂ ದೊಡ್ಡ ಡಾಕ್ಟರಿಗೆ ಕೊಟ್ಟು, ಹೇಳಿಕೆ ಬರೆದುಕೊಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, "ನಿಮ್ಮ ಅಕ್ಕನ ಹೆಸರು ಕಡತದಿಂದ ತೆಗೆಸ್ತೀನಿ" ಅಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಮೇಡಂ ಈಗ ಆರೂ ಜನಕ್ಕೆ ಪದ್ಯ ಮರೆಸುವ ಪಾಠ ಮಾಡುತ್ತಿದ್ದಾರೆ. ಕಲಿಸುವುದಕ್ಕೆ ಒಂದು ದಿನ ಸಾಕಾಗಿತ್ತು, ಮರೆಸುವುದಕ್ಕೆ ಇವತ್ತಿಗೆ ಆರನೇ ದಿನ. ಕಾರಿಡಾರಿನಲ್ಲಿ ಹೋಗುವಾಗ ಯಾರೋ ಗುನುಗುತ್ತಾರೆ, ತಟ್ಟನೆ ನಿಲ್ಲಿಸುತ್ತಾರೆ. ಬೆಳಿಗ್ಗೆ ಗಡ್ಡ ಹೆರೆಯುವಾಗ ನಾನೇ ಗುನುಗುತ್ತೇನೆ ಎಂದು ಹೆಂಡತಿ ಹೇಳುತ್ತಾಳೆ. ಹೊಸ ಬೋರ್ಡು ಬರೆಯಲು ನನಗೇ ಹೇಳಿದ್ದಾರೆ. ಪ್ರಾಸವಿಲ್ಲದೆ ಬರೆಯಲು ಕೂತರೂ ಪದಗಳು ಜೋಡಿ ಹುಡುಕುತ್ತವೆ, ಕುಂಚ ಒಣಗುತ್ತದೆ.

ಬಾ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಆದರೂ ಆ ಗಾಜಿನ ಈಚೆ ನಿಲ್ಲಲು ನಿನಗೆ ಹೆದರಿಕೆ ಬೇಡ ಎಂಬಷ್ಟು ನಿನಗೆ ಗೊತ್ತಿರಲಿ. ಬಾರದಿದ್ದರೂ ಯೂನಿಫಾರಂ ಹೊಲಿಯುವಾಗ ಸ್ವಲ್ಪ ಹಗುರವಾಗಿ ಉಸಿರಾಡು. ಭಾವನಿಗೆ ನಮಸ್ಕಾರ, ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ದೊಡ್ಡವಳು ನೀನು, ನಿನ್ನ ಆಶೀರ್ವಾದ ಈ ಸಲ ನಾನಾಗಿ ಕೇಳುವುದಿಲ್ಲ.

ನಿನ್ನ ತಮ್ಮ,
ನೀನೇ ಹೆಸರಿಟ್ಟ 'ಬೋರ್ಡು'

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಆ ಕತ್ತಲಲ್ಲಿ ಹೊಳೆಯಿತು ಎಂದು ಬರೆದದ್ದು ಸುಳ್ಳು. ಗುಬ್ಬಿ ಹೋದ ಮೂರನೇ ದಿನ, ಬೋರ್ಡಿನ ಮೇಲೆ ನೀರು ಬಿದ್ದು ಅಳಿಸಿತು ಎಂದು ಹೇಳಿ ಅಚ್ಚಿನ ಪಟ್ಟಿ ಹಾಕಿಸಿದೆನಲ್ಲ, ಯಾವ ನೀರೂ ಬಿದ್ದಿರಲಿಲ್ಲ. ನಿನ್ನ ಹಾಳೆಯನ್ನು ಬೋರ್ಡಿನ ಪಕ್ಕ ಹಿಡಿದು ನೋಡಿದ್ದೆ, ತಪ್ಪು ಆಗಲೇ ಕಂಡಿತ್ತು. ಬೋರ್ಡು ಬದಲಿಸಿದೆ, ಬಾಯಿ ಬಿಡಲಿಲ್ಲ. ಸೋಮವಾರದ ಹೇಳಿಕೆಯಲ್ಲೂ ಈ ಸುಳ್ಳೇ ಇದೆ, ತಿದ್ದಿ ಕೊಡಲು ಈಗ ದೊಡ್ಡ ಡಾಕ್ಟರ ಕೋಣೆಗೆ ಹೋಗುತ್ತಿದ್ದೇನೆ, ಮೊದಲು ನಿನಗೆ ತಿಳಿಯಲಿ. ವಿಚಾರಣೆಯ ದಿನ ಒಳಗೆ ಹೋಗುವ ಮುಂಚೆ ನೀನು ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, "ನೀನು ಇಲ್ಲೇ ಇರು, ನಂಗೆ ಧೈರ್ಯ" ಅಂದೆ. ಹಾಳೆ ಆಗ ನನ್ನ ಅಂಗಿಯ ಜೇಬಿನಲ್ಲಿತ್ತು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ತಪ್ಪು ನಂದೇ" ಎಂದು ನೀನು ಅಂದದ್ದು ಹೊರಗೆ ನಾನು ಕೂತಿದ್ದ ಬೆಂಚಿನವರೆಗೂ ಕೇಳಿಸಿತು. ನೀನು ಹೇಳಿದ ಹಾಗೆ ನಾನು ಅಲ್ಲೇ ಇದ್ದೆ.