ಹದಿನೇಳನೆಯ ಪೆಟ್ಟಿಗೆಯ ಮೌನ

ಅಕ್ಟೋಬರ್ 14, ಮಂಗಳವಾರ. ಭೂಕುಸಿತ ನಿಗಾ ಕೋಣೆ, ಸಂಜೆ ನಾಲ್ಕು. ಗುಡ್ಡದ ಮೇಲೆ ಮಂಜು. ಕೆಳಗಿನ ರಸ್ತೆ ಮುಚ್ಚಿದೆ.

ಪ್ರೀತಿಯ ಪುಟ್ಟಿ,

ಹೇಗಿದ್ದೀಯಾ ಎಂದು ಕೇಳಲು ಏಳು ತಿಂಗಳು ತೆಗೆದುಕೊಂಡ ಅಕ್ಕನನ್ನು ಮನ್ನಿಸು. ನೀನು ಬೇರೆ ಊರಿಗೆ ಹೋದಾಗ ‘ವಿಶೇಷವಿದ್ದರೆ ಮಾತ್ರ ಫೋನು’ ಎಂದು ನಿಯಮ ಮಾಡಿದವಳು ನಾನೇ. ಇಬ್ಬರಿಗೂ ಕೈತುಂಬ ಕೆಲಸ, ಸುಮ್ಮನೆ ಹರಟೆ ಯಾಕೆ ಎಂದಿದ್ದೆ. ಈಗ ಆ ನಿಯಮ ಮುರಿಯಲು ನಿನ್ನ ಒಪ್ಪಿಗೆ ಬೇಕು. ಅದಕ್ಕೆ ಮೊದಲು ಇಲ್ಲಿಯ ಸುದ್ದಿ.

ನನ್ನ ಕೆಲಸ ನಿನಗೆ ಗೊತ್ತಲ್ಲ. ರಸ್ತೆಯ ಮೇಲಿನ ಗುಡ್ಡ ಜಾರುತ್ತಿದೆಯೇ ಎಂದು ತಿಳಿಯಲು ನಲವತ್ತೆರಡು ಪುಟ್ಟ ಪೆಟ್ಟಿಗೆಗಳನ್ನು ನೆಟ್ಟಿದ್ದೇವೆ. ತಂತಿಯಿಲ್ಲ. ಒಂದೊಂದರಲ್ಲೂ ಮಣ್ಣಿನ ಅಲುಗಾಟ ಅಳೆಯುವ ಸೆನ್ಸರ್, ಒಂದು ರೇಡಿಯೋ, ಎರಡು ಬ್ಯಾಟರಿ. ಬ್ಯಾಟರಿ ಮುಗಿದರೆ ನಮ್ಮ ಏಣಿಯಣ್ಣ ಏಣಿ ಹೊತ್ತು ಆ ಕಡಿದಾದ ಗುಡ್ಡ ಹತ್ತಬೇಕು. (ತನ್ನ ನಿಜವಾದ ಹೆಸರು ಅವನಿಗೂ ಮರೆತಿರಬೇಕು.) ಅದಕ್ಕೇ ಪೆಟ್ಟಿಗೆಗಳಿಗೆ ನಿದ್ದೆ ಕಲಿಸಿದ್ದೇವೆ. ಹತ್ತು ನಿಮಿಷಕ್ಕೊಮ್ಮೆ ರೆಪ್ಪೆ ಬಡಿಯುವಷ್ಟು ಹೊತ್ತು ಎದ್ದು, ಕಾಲಡಿಯ ಮಣ್ಣನ್ನು ಮುಟ್ಟಿ ನೋಡಿ, ಮತ್ತೆ ಮಲಗುತ್ತವೆ. ರೇಡಿಯೋ ತೆರೆದು ಸುಮ್ಮನೆ ಕೇಳುತ್ತ ಕೂತರೂ ಮಾತಾಡಿದಷ್ಟೇ ಶಕ್ತಿ ಖರ್ಚು.

ಮಂಜಿನ ದಿನ ಈ ಕಿಟಕಿಯಿಂದ ಗುಡ್ಡವೇ ಕಾಣುವುದಿಲ್ಲ. ಬಿಳಿಯೊಳಗೆ ಎಲ್ಲೋ ನಲವತ್ತೆರಡು ಉಸಿರು ಏರಿಳಿಯುತ್ತಿವೆ ಅನಿಸುತ್ತದೆ. ನಾವಿಬ್ಬರೂ ಒಂದೇ ಹೊದಿಕೆಯಡಿ ಮಲಗುತ್ತಿದ್ದಾಗ ನಿನ್ನ ಉಸಿರು ಎಣಿಸುತ್ತ ನಿದ್ದೆಹೋಗುತ್ತಿದ್ದೆನಲ್ಲ, ಹಾಗೆ.

ಹೋದ ವರ್ಷ ನಾನು ಇನ್ನೊಂದು ಜಾಣತನ ಮಾಡಿದೆ. ಮಣ್ಣು ಅಲುಗದಿದ್ದರೆ ಏನೂ ಕಳಿಸಬೇಡಿ ಎಂದು ಪೆಟ್ಟಿಗೆಗಳಿಗೆ ಬರೆದುಕೊಟ್ಟೆ. ಎರಡು ವರ್ಷದ ಬ್ಯಾಟರಿ ಐದು ವರ್ಷ ಬರುತ್ತದೆಂದು ಮೇಲಧಿಕಾರಿ ಬೆನ್ನು ತಟ್ಟಿದರು. ಸುದ್ದಿ ಕಳಿಸದ ಪೆಟ್ಟಿಗೆ ಕಂಪ್ಯೂಟರ್ ಪರದೆಯ ಮೇಲೆ ಹಸಿರಾಗಿ, ಅಂದರೆ ಕ್ಷೇಮವಾಗಿ, ಇರುತ್ತಿತ್ತು.

ಹೋದ ಗುರುವಾರ ಕಳೆ ಕೀಳಲು ಗುಡ್ಡ ಹತ್ತಿದ್ದ ಏಣಿಯಣ್ಣ ಮೇಲಿನಿಂದಲೇ ಫೋನ್ ಮಾಡಿದ.

“ಮೇಡಂ, ನಿಮ್ಮ ಹದಿನೇಳನೇದು ಹೇಗಿದೆ?”

“ಹಸಿರಾಗಿದೆಯಲ್ಲ. ಯಾಕೆ?”

“ಹಸಿರಾ? ಇಲ್ಲಿ ಒಳಗೆಲ್ಲ ನೀರು, ಬ್ಯಾಟರಿ ಉಬ್ಬಿಕೊಂಡಿದೆ. ಇದು ಮಲಗಿಲ್ಲ ಮೇಡಂ, ಸತ್ತಿದೆ. ಪಕ್ಕದಲ್ಲೇ ನೆಲ ಬಿರುಕು ಬಿಟ್ಟಿದೆ, ನನ್ನ ಅಂಗೈ ಹೋಗತ್ತೆ.”

ಪರದೆ ನೋಡಿದೆ, ಹದಿನೇಳು ಇನ್ನೂ ಹಸಿರು. ಅವನೇ ಹೇಳಿದ, “ಇಷ್ಟೊಂದು ಜಿಪುಣತನ ಬೇಡ ಮೇಡಂ. ‘ಇದೀನಿ’ ಅನ್ನೋಕೂ ಬಿಡಲ್ವಾ ಅವನ್ನ?”

ಕೂಡಲೇ ರಸ್ತೆ ಮುಚ್ಚಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಹದಿನೇಳು ಕೊನೆಯ ಸಲ ಮಾತಾಡಿ ಹತ್ತೊಂಬತ್ತು ದಿನವಾಗಿತ್ತು. ಅದರಲ್ಲಿ ಎಷ್ಟು ದಿನ ನೆಮ್ಮದಿ, ಎಷ್ಟು ದಿನ ಸಾವು ಎಂದು ನನಗೆ ಎಂದೂ ತಿಳಿಯುವುದಿಲ್ಲ.

ಹೊಸ ನಿಯಮ ಬರೆದಿಟ್ಟಿದ್ದೇನೆ: ಹೇಳಲು ಏನೂ ಇಲ್ಲದಿದ್ದರೂ ಪ್ರತಿ ಪೆಟ್ಟಿಗೆಯೂ ದಿನಕ್ಕೊಮ್ಮೆ ‘ಇದ್ದೇನೆ’ ಎನ್ನಬೇಕು. ಐದು ವರ್ಷ ನಾಲ್ಕಾಗಬಹುದು. ಆಗಲಿ. ಸೋಮವಾರ ಈ ನಿಯಮವನ್ನು ಪೆಟ್ಟಿಗೆಗಳಿಗೆ ಕಳಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮೈಗೂ ಮನಸ್ಸಿಗೂ ಒಳ್ಳೆಯದಾಗಲಿ ಮರಿ.

ನಿನ್ನ
ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿದದ್ದು. ಗುರುವಾರ ಸಂಜೆ ತಡೆಯಲಾರದೆ ನಿನಗೆ ಫೋನ್ ಮಾಡಿದೆ. ಪಕ್ಕದ ಮನೆಯಾಕೆ ಎತ್ತಿದರು, ನೀನು ಮಲಗಿದ್ದೆ. ಹೋದ ತಿಂಗಳು ನಿನಗೆ ಆಪರೇಷನ್ ಆಯಿತಂತೆ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆಯಂತೆ. ಅಕ್ಕನಿಗೆ ತಿಳಿಸಲೇ ಎಂದು ಅವರು ಕೇಳಿದ್ದಕ್ಕೆ, “ಬೇಡ, ಅಂಥಾ ವಿಶೇಷ ಏನಿಲ್ಲ” ಅಂದೆಯಂತೆ. ಆಸ್ಪತ್ರೆಯ ಫಾರ್ಮಿನಲ್ಲಿ ಹತ್ತಿರದ ಸಂಬಂಧಿ ಯಾರು ಎಂಬಲ್ಲಿ ಅವರ ಹೆಸರು ಬರೆಸಿದ್ದೀಯಂತೆ. ಎಬ್ಬಿಸಬೇಡಿ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ.

ಈ ಕಾಗದ ನಿನ್ನ ಕೈ ಸೇರಲು ಮೂರು ದಿನ ಬೇಕು. ಶುಕ್ರವಾರದಿಂದ ದಿನಾ ಸಂಜೆ ಆರಕ್ಕೆ ಫೋನ್ ಮಾಡುವುದೆಂದು ನಿರ್ಧರಿಸಿದ್ದೇನೆ. ವಿಶೇಷ ಏನೂ ಬೇಡ. ಎತ್ತಿ, ಸುಮ್ಮನೆ ಉಸಿರಾಡು. ನಾನು ಎಣಿಸಿಕೊಳ್ಳುತ್ತೇನೆ.