ನಲವತ್ತು ಗುಂಟೆಗೆ ಒಂದು ಎಕರೆ

ಇಂಡಿ
೧೮ ಜನವರಿ ೨೦೨೫, ಶನಿವಾರ

ಪ್ರೀತಿಯ ತಂಗಿ ಪ್ರಜ್ಞಾ,

ಮೊದಲು ನಿನ್ನ ಕಾಲಿನ ಸುದ್ದಿ ಹೇಳು. ಬಾವು ಇಳಿದಿದೆಯೋ, ಹಾಗೇ ಉಳಿದಿದೆಯೋ? ನಿಮ್ಮ ಮನೆಯವರಿಗೆ ಫೋನು ಮಾಡಿ ರಕ್ತದೊತ್ತಡ ಎಷ್ಟಿದೆ ಎಂದು ಕೇಳಿದರೆ, "ಬಿ.ಪಿ. ಅಡ್ಡಿಯಿಲ್ರಿ, ಸಿಟ್ಟ ಭಾಳ ಐತಿ" ಎನ್ನುತ್ತಾರೆ. ಸಿಟ್ಟು ನಮ್ಮ ಮನೆತನದ್ದು, ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಗುಳಿಗೆ ಇಲ್ಲ. ಒಳಗಿರುವವರು ಜೋರಾಗಿ ಒದೆಯುತ್ತಿದ್ದಾರಂತೆ. ಒದೆಯಲಿ, ಬಿಡು. ಈಗಲೇ ರೂಢಿಯಾದರೆ ಹೊರಗೆ ಬಂದ ಮೇಲೆ ಸೋದರಮಾವನನ್ನು ಒದೆಯಲು ಹೊಸದಾಗಿ ಕಲಿಯಬೇಕಿಲ್ಲ. ಅವ್ವ ಈ ಕಾಗದದ ಜೊತೆ ಸೀತನಿ ಕಟ್ಟಿ ಕಳಿಸಿದ್ದಾಳೆ. ಎಳೆ ಜೋಳದ ತೆನೆಯನ್ನು ತಾನೇ ಕೆಂಡದ ಮೇಲೆ ಸುಟ್ಟು, ಕೈ ಸುಟ್ಟುಕೊಂಡು, ಅದಕ್ಕೂ ನನಗೇ ಬೈದಳು. ಉಪ್ಪು ಹಾಕಿಲ್ಲ. ಉಪ್ಪಿಲ್ಲದ ಸೀತನಿ, ತಪ್ಪಿಲ್ಲದ ಅಣ್ಣ, ಎರಡೂ ರುಚಿಯಿಲ್ಲ, ಆದರೂ ತಿನ್ನು.

ನಿನ್ನ ಫೋನು, ಲ್ಯಾಪ್‌ಟಾಪು ಎರಡೂ ಗುಂಡವ್ವತ್ತೆಯವರ ಕಪಾಟಿನಲ್ಲಿ ಬಂದಿಯಾಗಿವೆ ಎಂದು ಗೊತ್ತಾಯಿತು. ಪುಣ್ಯಕ್ಕೆ ನಿಮ್ಮ ಅತ್ತೆಯವರ ಕಾಯ್ದೆಯಲ್ಲಿ ಕಾಗದಕ್ಕೆ ತಡೆಯಿಲ್ಲ. ನನಗೂ ಅದೇ ಅನುಕೂಲ. ಇಪ್ಪತ್ತು ವರ್ಷ ಖರೀದಿಪತ್ರ, ಪಾಲು ಹಂಚುವ ವಾಟಣಿಪತ್ರ ಬರೆದ ಬಾಂಡ್ ರೈಟರಿಗೆ ಫೋನಿನಲ್ಲಿ ಪ್ರೀತಿ ತೋರಿಸಲು ಬರುವುದಿಲ್ಲ. ಪೆನ್ನು ಹಿಡಿದರೆ ಮಾತ್ರ ಸದರಿ ತಂಗಿಯ ಮೇಲೆ ಸದರಿ ಅಣ್ಣನ ಮಾಯೆ ಉಕ್ಕುತ್ತದೆ. ನಿನ್ನ ಹಾಸಿಗೆಯ ಚೆಕ್ಕುಬಂದಿಯನ್ನು ಇಲ್ಲಿಂದಲೇ ಹೇಳಬಲ್ಲೆ: ಪೂರ್ವಕ್ಕೆ ಕಿಟಕಿ, ಉತ್ತರಕ್ಕೆ ಹಾಲಿನ ಲೋಟ, ದಕ್ಷಿಣಕ್ಕೆ ಗುಳಿಗೆ ಡಬ್ಬಿ, ಪಶ್ಚಿಮಕ್ಕೆ ಕುರ್ಚಿ ಹಾಕಿಕೊಂಡ ಗುಂಡವ್ವತ್ತೆ. ಇದರ ಮಧ್ಯದ ಜಾಗ ಮಾತ್ರ ನಿನ್ನ ಕಬ್ಜೆಯಲ್ಲಿದೆ.

ಮುಂದಿನ ಸಂಗತಿ ನಿನಗೆ ಗೊತ್ತಿದ್ದದ್ದೇ. ಆದರೂ ಬರೆಯುತ್ತೇನೆ, ಏಕೆಂದರೆ ಈ ಕಾಗದವನ್ನು ಅತ್ತೆಯವರು ಮೊದಲು ನಿಮ್ಮ ಮನೆಯವರಿಂದ ಓದಿಸಿಕೊಳ್ಳುತ್ತಾರೆ ಎಂಬುದೂ ನನಗೆ ಗೊತ್ತಿದೆ. ಅತ್ತೆಯವರೇ, ಜೈ ಭೀಮ್. ನಿಮ್ಮ ಸೊಸೆ ಹಗಲೂ ಸಂಜೆ ಯಾವುದಕ್ಕೆ ಅಂಟಿಕೊಂಡಿದ್ದಳೋ, ಅದರ ಕಥೆ ಇಷ್ಟು. ನಾನು ಬರೆಯುವ ಪತ್ರಗಳಲ್ಲಿ ಜಮೀನು ಇರುತ್ತದೆ. ಒಂದು ಎಕರೆ ಮೂವತ್ತು ಗುಂಟೆಗೆ ಒಂದು ಎಕರೆ ಇಪ್ಪತ್ತು ಗುಂಟೆ ಕೂಡಿಸು ಎಂದರೆ ಕಂಪ್ಯೂಟರು ಎರಡೂವರೆ ಎನ್ನುತ್ತಿತ್ತು. ಅದಕ್ಕೆ ನೂರರ ಲೆಕ್ಕ ಗೊತ್ತು, ನಮ್ಮ ನಲವತ್ತರ ಲೆಕ್ಕ ಗೊತ್ತಿಲ್ಲ. ಆಗುವುದು ಮೂರು ಎಕರೆ ಹತ್ತು ಗುಂಟೆ ಎಂದು ನಾನು ಅದರ ಮುಂದೆ ಕುಳಿತು ಬೈಯುತ್ತಿದ್ದಾಗ, ಸಿಂದಗಿಯಲ್ಲಿ ಬಿ.ಸಿ.ಎ. ಮುಗಿಸಿ ಮನೆಗೆ ಬಂದಿದ್ದ ಇವಳು ನಕ್ಕು, ಒಂದು ಸಣ್ಣ ಸಾಫ್ಟ್‌ವೇರು ಬರೆದು ಕೊಟ್ಟಳು. "ಗುಂಟೆ" ಎಂದು ಹೆಸರಿಟ್ಟಳು. ಅಷ್ಟಕ್ಕೇ ಬಿಡದೆ, ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ, ಪುಕ್ಕಟೆ ಬಳಸಲಿ ಎಂದು ಎಲ್ಲರಿಗೂ ತೆರೆದಿಟ್ಟಳು. ಈಗ ಸೋಲಾಪುರದವರೂ ಕರೀಂನಗರದವರೂ ತಮ್ಮ ತಮ್ಮ ಆ್ಯಪಿನೊಳಗೆ ಅದನ್ನು ಸೇರಿಸಿಕೊಂಡಿದ್ದಾರೆ. ಮುದ್ದೇಬಿಹಾಳದ ಸರ್ವೆಯರ್ ಜುಲ್ಫಿಕರನಂತೂ ಅದಿಲ್ಲದೆ ಹೊಲಕ್ಕೆ ಕಾಲಿಡುವುದಿಲ್ಲ, ಬಿಡುವಿದ್ದಾಗ ತಾನೂ ತಿದ್ದಿ ಕಳಿಸುತ್ತಾನೆ.

ಬರೆಯುವುದು ಸಣ್ಣ ಕೆಲಸ, ಅತ್ತೆಯವರೇ. ಪ್ರತಿ ಸಲ ತಿದ್ದಿದ ಮೇಲೆ ಅದನ್ನು ಲೋಕಕ್ಕೆ ಬಿಡುಗಡೆ ಮಾಡುವುದೇ ದೊಡ್ಡದು. ಹಳೆಯ ಲೆಕ್ಕಗಳೆಲ್ಲ ಸರಿ ಬರುತ್ತವೆಯೇ ಎಂದು ಪರೀಕ್ಷೆ ಮಾಡಬೇಕು, ಹೊಸ ಸಂಖ್ಯೆ ಕೊಡಬೇಕು, ಏನು ಬದಲಾಯಿತೆಂದು ಬರೆಯಬೇಕು, ಇವಳ ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತಬೇಕು, ಆಮೇಲೆ ಎಲ್ಲರೂ ಇಳಿಸಿಕೊಳ್ಳುವ ಜಾಗಕ್ಕೆ ಏರಿಸಬೇಕು. ಉಡಿ ತುಂಬಿ ಮಗಳನ್ನು ಕಳಿಸಿದ ಹಾಗೆ. ಒಂದು ಮರೆತರೂ ದಾರಿಯಿಂದ ಫೋನು ಬರುತ್ತದೆ. ಇಷ್ಟನ್ನೂ ಇವಳೊಬ್ಬಳೇ ಕೈಯಾರೆ ಮಾಡುತ್ತಿದ್ದಳು. ನನ್ನ ಪಾಲಿಗೆ ಇದ್ದದ್ದು ಪ್ರತಿ ಬಿಡುಗಡೆಯ ಕೆಳಗೆ ಎರಡು ಸಾಲು ಪ್ರಾಸ ಹಾಕುವ ಕೆಲಸ. ಯಾರೂ ಕೇಳಿರಲಿಲ್ಲ, ನಾನೇ ಕೊಟ್ಟೆ. ಕನ್ನಡ ಬಾರದ ಕರೀಂನಗರದವನು ಅದನ್ನು ಇಷ್ಟು ದಿನ ಕಂಪನಿಯ ಜಾಹೀರಾತು ಎಂದು ತಿಳಿದಿದ್ದನಂತೆ.

ಅತ್ತೆಯವರ ಪಾಠ ಇಲ್ಲಿಗೆ ಮುಗಿಯಿತು. ಇನ್ನು ಇದು ನಿನಗೆ.

ಹೋದ ತಿಂಗಳ ನಿನ್ನ ಕುಬಸದ ಸೀಮಂತ ಕಣ್ಣ ಮುಂದಿದೆ. ಇಂಡಿಯವರೆಗಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿದ್ದಕ್ಕೆ ನಾವೇ ಬುತ್ತಿ ಕಟ್ಟಿಕೊಂಡು ಬಸವನ ಬಾಗೇವಾಡಿಗೆ ಬಂದೆವು. ನೀನು ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕುಳಿತಿದ್ದೆ, ಹೆಣ್ಣುಮಕ್ಕಳು ಹಾಡಲು ಶುರು ಮಾಡಿದ್ದರು, ಅಷ್ಟರಲ್ಲಿ ಜುಲ್ಫಿಕರನ ಫೋನು. ಮೂರು ಮಂದಿ ಅಣ್ಣತಮ್ಮರಿಗೆ ಪಾಲು ಹಾಕಿದರೆ ಒಂದು ಆಣೆ ಜಾಗ ಎಲ್ಲೋ ಮಾಯವಾಗುತ್ತಿದೆ, ಮೂವರೂ ಬಾಂದುಕಲ್ಲಿನ ಹತ್ತಿರ ಕಲ್ಲು ಹಿಡಿದು ನಿಂತಿದ್ದಾರೆ ಎಂದ. ಒಂದು ಗುಂಟೆಯ ಹದಿನಾರು ಆಣೆಯನ್ನು ಮೂವರಿಗೆ ಹಂಚಿದರೆ ಒಂದು ಉಳಿಯಲೇಬೇಕಲ್ಲ, ಅದನ್ನು ಯಾರಿಗೂ ಕೊಡದೆ ನಮ್ಮ ಗುಂಟೆ ನುಂಗಿಬಿಡುತ್ತಿತ್ತು. ನೀನು ಉಡಿಯಲ್ಲಿದ್ದ ಕೊಬ್ಬರಿಬಟ್ಟಲು ಸರಿಸಿ ಲ್ಯಾಪ್‌ಟಾಪು ಇಟ್ಟುಕೊಂಡೆ. ಆರತಿ ತಟ್ಟೆ ಹಿಡಿದು ಬಂದ ಗುಂಡವ್ವತ್ತೆ, "ಏನವಾ, ಉಡ್ಯಾಗ ಕೂಸ ಬರೂಕಿಂತ ಮೊದಲ ಇದು ಬಂತಲ್ಲ! ಇದಕ್ಕೂ ಆರತಿ ಎತ್ತಬೇಕೇನ?" ಎಂದರು. ನೀನು ತಲೆ ಎತ್ತದೆ, "ತಡೀರಿ ಅತ್ತಿ, ಮುದ್ರಿ ಒತ್ತಾಕತ್ತೇನಿ" ಎಂದೆ. ಆ ಬಿಡುಗಡೆ ೧.೩೯. ಅದಕ್ಕೆ ನಾನು ಊಟದ ಪಂಕ್ತಿಯಲ್ಲೇ ಕುಳಿತು ಬರೆದದ್ದು:

ಅಣ್ಣತಮ್ಮರ ಪಾಲಿನೊಳಗೆ ಆಣೆಯೊಂದು ಅಡಗಿತ್ತು;
ಬಣ್ಣದ ಕುಬಸ ತೊಟ್ಟ ಕೈಯೆ ಅದನು ಹುಡುಕಿತ್ತು.

ಮಾರನೆಯ ವಾರವೇ ನಿನ್ನ ಕಾಲು ಬಾತವು, ಡಾಕ್ಟರು ಮಲಗಿಯೇ ಇರಬೇಕೆಂದರು, ಕಪಾಟಿಗೆ ಬೀಗ ಬಿತ್ತು. ಬೀಗ ಬೀಳುವ ಮೊದಲು ನೀನು ಫೋನಿನಲ್ಲಿ ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ: "ಅಣ್ಣಾ, ಕೀಲಿ ನೀನ ಇಟ್ಕೊ. ಗುಂಟೇದಾಗಿನ ನನ್ನ ಹೆಸರ ತಗದಬಿಡು. ಅರ್ಧಾ ಒಳಗ, ಅರ್ಧಾ ಹೊರಗ ನಿಲ್ಲಾಕ ನನ್ನಿಂದ ಆಗಂಗಿಲ್ಲ. ಕೂಸ ಬಂದಮ್ಯಾಗ ನನ್ನನ್ನ ಯಾರ ಕಾಯ್ತಾರ?" ನೀನು ಅಳುತ್ತಿದ್ದೆಯೋ, ಮೂಗು ಕಟ್ಟಿತ್ತೋ, ಕೇಳುವ ಧೈರ್ಯ ನನಗಾಗಲಿಲ್ಲ. ಆ ವಿಷಯ ಕೊನೆಗೆ ಬರೆಯುತ್ತೇನೆ.

ಈಗ ಅಣ್ಣನ ಪರಾಕ್ರಮ ಕೇಳು. ಕೀಲಿ ನನ್ನ ಕೈಗೆ ಬಂತಲ್ಲ, ಕರೀಂನಗರದವನು ಕಳಿಸಿದ್ದ ಒಂದು ಸಣ್ಣ ತಿದ್ದುಪಡಿಯನ್ನು ನಾನೇ ಬಿಡುಗಡೆ ಮಾಡಲು ಹೊರಟೆ. ನೀನು ಹೇಳಿಕೊಟ್ಟ ಪ್ರಕಾರವೇ ಎಲ್ಲ ಮಾಡಿದೆ. ಪರೀಕ್ಷೆ ಪಾಸು, ಮುದ್ರೆ ಸರಿ. ಸಂಖ್ಯೆ ಹಾಕುವ ಕಡೆ ಬಂದಾಗ ಕೈ ತಾನಾಗಿಯೇ ಓಡಿತು. ಹಿಂದಿನದು ಒಂದು ಚುಕ್ಕೆ ಮೂವತ್ತೊಂಬತ್ತು. ಮೂವತ್ತೊಂಬತ್ತಾದ ಮೇಲೆ ಏನು? ಇಪ್ಪತ್ತು ವರ್ಷದಿಂದ ನಾನು ಬರೆದ ಯಾವ ಪತ್ರದಲ್ಲೂ ನಲವತ್ತು ಗುಂಟೆ ಎಂದು ಇಲ್ಲ. ನಲವತ್ತು ತುಂಬಿದರೆ ಎಕರೆ. ಹಾಗಾಗಿ ೨.೦ ಎಂದು ಹೊಡೆದು, ನಿಂಬೆಹಣ್ಣಿನ ಶರಬತ್ತು ಕುಡಿಯಲು ಎದ್ದು ಹೋದೆ.

ಶರಬತ್ತು ಮುಗಿಯುವಷ್ಟರಲ್ಲಿ ಮೂರು ಊರಿನಿಂದ ಕೂಗು. ಚುಕ್ಕೆಯ ಎಡಗಡೆಯ ಅಂಕಿ ಬದಲಾದರೆ "ಹಳೆಯದು ಮುರಿದಿದೆ, ಎಚ್ಚರ" ಎಂದು ಅರ್ಥವೆಂದು ನೀನು ನನಗೆ ಹೇಳಿದ್ದೆಯಂತೆ. ನಾನು ಆಗ ಪ್ರಾಸ ಹುಡುಕುತ್ತಿದ್ದೆನೋ ಏನೋ. ಸೋಲಾಪುರದವರು ತಮ್ಮ ಆ್ಯಪನ್ನೇ ನಿಲ್ಲಿಸಿ ಕುಳಿತರು. ಜುಲ್ಫಿಕರ ಫೋನು ಮಾಡಿ, "ಧರ್ಮಣ್ಣ, ಏನ ಮುರದೀರಿ, ಖರೇ ಹೇಳ್ರಿ" ಎಂದ. "ಏನೂ ಮುರದಿಲ್ಲೋ ಮಾರಾಯಾ. ನಲವತ್ತ ತುಂಬಿತು, ಎಕರೆ ಆತು" ಎಂದೆ. ಅವನು ನಗಲು ಶುರು ಮಾಡಿದ, ಅವನ ಹೆಂಡತಿ ನಿಷತ ಓಡಿಬಂದು "ಏನಾತ್ರೀ?" ಎಂದು ಕೇಳುವುದೂ ನನಗೆ ಕೇಳಿಸಿತು. "ಸಾಹೇಬ್ರ, ಇದು ಹೊಲ ಅಲ್ರೀ! ನಲವತ್ತೊಂದು, ನಲವತ್ತೆರಡು ಅಂತ ನೂರಕ್ಕೂ ಹೋಗ್ತೈತಿ, ಸಾವಿರಕ್ಕೂ ಹೋಗ್ತೈತಿ!" ಎಂದ. ಹಿಂದಕ್ಕೆ ತೆಗೆದುಕೊಳ್ಳೋಣ ಎಂದರೆ, ಒಮ್ಮೆ ಹೊರಗೆ ಹೋದ ಸಂಖ್ಯೆ ಹೋದಂತೆಯೇ. ರಜಿಸ್ಟರಾದ ಪತ್ರ ಎನ್ನು. ಎಲ್ಲರಿಗೂ ಕ್ಷಮಾಪಣೆ ಬರೆದೆ. ನಲವತ್ತು ಗುಂಟೆಗೆ ಒಂದು ಎಕರೆ ಎಂದು ವಿವರಿಸಿದ ಮೇಲೆ ಸೋಲಾಪುರದವರು ಸಿಟ್ಟು ಬಿಟ್ಟು, ತಮಗೂ ಹಾಗೇ ಅನ್ನಿಸಿತ್ತು ಎಂದು ಬರೆದರು. ಪ್ರಪಂಚದಲ್ಲಿ ಬೇರೆ ಯಾರಿಗೂ ಅನ್ನಿಸಲಾರದು.

ಮುಂದಿನ ಭಾನುವಾರ ಇಂಡಿಯಿಂದ ನಾನು, ಮುದ್ದೇಬಿಹಾಳದಿಂದ ಜುಲ್ಫಿಕರ, ನಡುವೆ ಸಿಂದಗಿಯಲ್ಲಿ ಸೇರಿದೆವು. ನಿನ್ನ ಕಾಲೇಜಿನ ದಾರಿಯ ಚುರಮರಿ-ಮಿರ್ಚಿ ಅಂಗಡಿ ಇದೆಯಲ್ಲ, ಅಲ್ಲಿಯ ಬಾಕಿನ ಮೇಲೆ. ಇನ್ನು ಮುಂದೆ ಬಿಡುಗಡೆ ಯಾರ ಕೈಯ ಮೇಲೂ ನಿಲ್ಲಬಾರದು, ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಬೇಕು ಎಂದು ಪಣ. ತಿದ್ದುಪಡಿ ಒಳಗೆ ಬಂದ ಕೂಡಲೇ ಯಂತ್ರವೇ ಪರೀಕ್ಷೆ ನಡೆಸಬೇಕು. ತಿದ್ದಿದವರು ಬರೆದ ಟಿಪ್ಪಣಿ ನೋಡಿ ತಾನೇ ಸಂಖ್ಯೆ ಹಾಕಬೇಕು. ತಾನೇ ಮುದ್ರೆ ಒತ್ತಿ ತಾನೇ ಏರಿಸಬೇಕು. "ನಂಬರಿಗೆ ನಿಮ್ಮ ಕೈ ಮುಟ್ಟದಂಗ ಮಾಡೇನಿ, ನಿಶ್ಚಿಂತಿ ಇರ್ರಿ" ಎಂದ ಜುಲ್ಫಿಕರ, ಅದರಲ್ಲಿ ಅವನಿಗೆ ಆದ ಸಂತೋಷ ಮಿರ್ಚಿಯಿಂದಲೂ ಆಗಿರಲಿಲ್ಲ. ಮೊದಲ ಸಲ ಯಂತ್ರ ಅರ್ಧಕ್ಕೆ ನಿಂತಿತು. ಎರಡನೆಯ ಸಲ ಪರೀಕ್ಷೆ ಮಾಡದೆಯೇ ಏರಿಸಲು ಹೊರಟಿತು. ನನ್ನ ಹಾಗೇ ಅವಸರದ ಪ್ರಾಣಿ. ಲ್ಯಾಪ್‌ಟಾಪಿನ ಗುಂಡಿಗಳೆಲ್ಲ ಎಣ್ಣೆಯಾದವು. ಪ್ರಾಸ ಯಂತ್ರಕ್ಕೆ ಬೇಕಿಲ್ಲ, ತೆಗೆಯೋಣ ಎಂದ ಅವನು. ನಾನು ಬಾಕಿನಿಂದ ಎದ್ದೇಬಿಟ್ಟೆ. ಕೊನೆಗೆ ಒಪ್ಪಂದವಾಯಿತು: ಟಿಪ್ಪಣಿಯ ಕೆಳಗೆ ಎರಡು ಸಾಲು ಇಲ್ಲದಿದ್ದರೆ ಯಂತ್ರ ಮುಂದೆ ಹೋಗುವುದಿಲ್ಲ. ಅದು ಪ್ರಾಸವೋ ಅಲ್ಲವೋ ಎಂದು ನೋಡಲು ಮಾತ್ರ ಅದಕ್ಕೆ ಬರುವುದಿಲ್ಲ, ಅಷ್ಟರಮಟ್ಟಿಗೆ ನನ್ನ ಮಾನ ಉಳಿಯಿತು.

ಸಂಜೆಯ ಹೊತ್ತಿಗೆ, ಬರೀ ಪ್ರಯೋಗಕ್ಕೆ, ಅದು ನಡೆಯಿತು ಪ್ರಜ್ಞಾ. ಒಂದರ ಹಿಂದೊಂದು ಹಸಿರು ಗುರುತು ಬೀಳುತ್ತಾ ಹೋಯಿತು. ನೀನು ಊಟ ಬಿಟ್ಟು, ನಿದ್ದೆ ಬಿಟ್ಟು, ಆರತಿ ಬಿಟ್ಟು ಮಾಡುತ್ತಿದ್ದದ್ದನ್ನು ಒಂದು ಕಪ್ಪು ಚಹಾ ಆರುವಷ್ಟರಲ್ಲಿ ಮುಗಿಸಿತು. ಹಿಗ್ಗಬೇಕಿತ್ತು, ಹಿಗ್ಗಿದೆ ಕೂಡ. ಆದರೆ ನೋಡುತ್ತಾ ನೋಡುತ್ತಾ, ಆ ಸಾಲಿನಲ್ಲಿ ನಿನ್ನ ಜಾಗ ಎಲ್ಲಿ ಎಂದು ಹುಡುಕತೊಡಗಿದೆ. ಉಳಿದ ಮಿರ್ಚಿಯನ್ನು ಜುಲ್ಫಿಕರನ ಕಡೆ ಸರಿಸಿದೆ.

ಇನ್ನು ಮನೆಯ ಸುದ್ದಿ. ಎಲ್ಲರೂ ಆರಾಮ. ಅವ್ವ ಕುಲಾವಿ ಹೊಲಿಯುತ್ತಿದ್ದಾಳೆ. ಅವಳ ಅಳತೆ ನೋಡಿದರೆ ಕೂಸು ಹುಟ್ಟುತ್ತಲೇ ಶಾಲೆಗೆ ಹೋಗುವಷ್ಟು ದೊಡ್ಡದಿರಬೇಕು. ನಿನ್ನ ಅತ್ತಿಗೆ ನಿನ್ನನ್ನು ನೆನೆಯದ ದಿನವಿಲ್ಲ, ನನ್ನನ್ನು ಬೈಯದ ದಿನವೂ ಇಲ್ಲ. ಹಾಲು ಕುಡಿ, ಎಡಕ್ಕೆ ಮಗ್ಗಲಾಗಿ ಮಲಗು, ಅತ್ತೆಯವರ ಮಾತು ಕೇಳು. ಅವರು ಗದರಿದರೂ ನಿನ್ನ ಕಾಲು ಒತ್ತುವವರು ಅವರೇ ಎಂದು ನಿಮ್ಮ ಮನೆಯವರು ಹೇಳಿದರು. ಅವರಿಗೆ ನನ್ನ ನಮಸ್ಕಾರ, ಒಳಗಿರುವವರಿಗೆ ಮುತ್ತು, ನಿನಗೆ ಅಣ್ಣನ ತುಂಬು ಹರಕೆ.

ನಿನ್ನ ಅಣ್ಣ,
ಧರ್ಮರಾಜ

ತಾ.ಕ.: ಜುಲ್ಫಿಕರ ಬಾಗಿಲಲ್ಲಿ ಹಾರ್ನು ಹೊಡೆಯುತ್ತಿದ್ದಾನೆ. ಅವನು ಬಾಗೇವಾಡಿ ಮೇಲೆಯೇ ಊರಿಗೆ ಹೋಗುವವನು, ಈ ಕಾಗದ ಅವನ ಕೈಯಲ್ಲೇ ಬರುತ್ತದೆ. ನಿನ್ನ ಹೆಸರಿನ ವಿಷಯ ಬರೆಯಲಿಲ್ಲವಲ್ಲ. ತೆಗೆದಿಲ್ಲ. ಆ ದಿನ ಸಿಂದಗಿಯಲ್ಲಿ, ಏರಿಸುವ ಮೊದಲು ಯಂತ್ರ ಒಂದು ಕಡೆ ನಿಂತು ಯಾರನ್ನಾದರೂ ಕೇಳುವ ಹಾಗೆ ಮಾಡೋಣ ಎಂದೆ. "ಹೂಂ ಅನ್ನಾಕ ಯಾರರೆ ಒಬ್ರು ಬೇಕ, ನಿಮ್ಮ ಹೆಸರ ಹಾಕ್ಲೇನ?" ಎಂದ ಜುಲ್ಫಿಕರ. ನಲವತ್ತಕ್ಕೆ ಎಕರೆ ಮಾಡಿದವನನ್ನು ಯಾರಾದರೂ ಕೇಳುತ್ತಾರೆಯೇ? ನಿನ್ನ ಹೆಸರು ಹಾಕಿಸಿದೆ. ಹಾಸಿಗೆ ಹಿಡಿಯುವ ಮೊದಲು ನೀನು ಅರ್ಧ ಬರೆದಿಟ್ಟಿದ್ದ ಸೆಂಟಿನ ಲೆಕ್ಕವನ್ನು ಜುಲ್ಫಿಕರ ಪೂರ್ತಿ ಮಾಡಿದ್ದಾನೆ. ಯಂತ್ರ ಎಲ್ಲ ಮುಗಿಸಿ, ೨.೧ ಎಂದು ತಾನೇ ಸಂಖ್ಯೆ ಬರೆದುಕೊಂಡು, ನಿನ್ನ ಹೂಂಗಾಗಿ ನಿನ್ನ ಬಾಗಿಲಲ್ಲಿ ನಿಂತಿದೆ. ನಿನ್ನನ್ನು ಯಾರು ಕಾಯುತ್ತಾರೆ ಎಂದು ಕೇಳಿದ್ದೆಯಲ್ಲ, ಇದು ಕಾಯುತ್ತದೆ, ಅದಕ್ಕೆ ಅವಸರವಿಲ್ಲ. ಹೆರಿಗೆಯ ಹೊತ್ತಿಗೆ ನಿನ್ನ ಪರವಾಗಿ ಹೂಂ ಅನ್ನಲು ಯಾರನ್ನು ನೇಮಿಸಬೇಕೋ ನೀನೇ ಹೇಳು. ಬೇಡವೇ ಬೇಡ ಅನ್ನಿಸಿದರೆ ಪಕ್ಕದಲ್ಲೇ ಊಹೂಂ ಎಂಬ ಗುಂಡಿಯೂ ಇದೆ. ಅದನ್ನು ಒತ್ತಿದ ದಿನ ನಿನ್ನ ಹೆಸರು ನಾನೇ ತೆಗೆಯುತ್ತೇನೆ, ಯಾಕೆಂದು ಕೇಳುವುದಿಲ್ಲ. ಅತ್ತೆಯವರಿಗೆ ನಿನ್ನೆಯೇ ಫೋನು ಮಾಡಿ, ನಿನ್ನ ಫೋನನ್ನು ಕಪಾಟಿನಿಂದ ತೆಗೆಯಲು ಪರವಾನಗಿ ಕೇಳಿದ್ದೇನೆ. "ಒಂದ ಸಲ ಒತ್ತಲಿ, ಮಲಕೊಂಡ ಒತ್ತಲಿ. ಎದ್ದ ಕುಂತ್ಲಂದ್ರ ಮತ್ತ ಕಪಾಟಿಗೆ ಹಾಕ್ತೇನಿ" ಎಂದಿದ್ದಾರೆ. ಮಲಗಿಕೊಂಡೇ ಒತ್ತು, ತಂಗಿ. ಎರಡರಲ್ಲಿ ಯಾವುದನ್ನಾದರೂ.